ಡಿಸ್ಕಸ್ ಮೀನಿನ ಆರೋಗ್ಯಕ್ಕೆ ಹತ್ತು ಸೂತ್ರಗಳು (ಆರಕ್ಕೇ ನಿಂತವು)

ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ನೀರಿನಿಂದ ಶುರು ಮಾಡಿದರೆ ಅಪ್ಪ ಬರುತ್ತಾನೆ. ಅಪ್ಪನಿಂದ ಶುರು ಮಾಡಿದರೆ ಅಮ್ಮ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾಳೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು, ಆದರೂ ಬರುತ್ತಾಳೆ.

ಸಂಪಾದಕ ಕ್ವಿಡೊ ಕೇಳಿದ್ದು ಸರಳವಾದ ಲೇಖನ. ಅವನದು ಅಕ್ವೇರಿಯಂ ಸಾಕುವವರ ಮಾಸಪತ್ರಿಕೆ. "ಹತ್ತು ಸೂತ್ರ ಬರೆದು ಕಳಿಸು ಯಿಟ್ಕಾ. ಕಥೆ ಗಿಥೆ ಬೇಡ. ನಿನ್ನ ಚಾಳಿ ನಂಗೊತ್ತು" ಎಂದ. ಆಗಲಿ ಎಂದು ಒಪ್ಪಿಕೊಂಡೆ.

೧. ನೀರು ಮೆದುವಾಗಿರಲಿ

ನಮ್ಮೂರು ಕೋಲೀನಿನ ನಲ್ಲಿ ನೀರಿಗೆ ಕೆಟಲಿನ ತಳದಲ್ಲಿ ಸುಣ್ಣ ಕಟ್ಟುತ್ತಿತ್ತು. ಆದ್ದರಿಂದ ಅಪ್ಪ ಪ್ರತಿ ಶನಿವಾರ ಬೆಟ್ಟದ ಊರೊಂದಕ್ಕೆ ಹೋಗಿ, ಬುಗ್ಗೆಯ ನೀರನ್ನು ಹತ್ತು ಲೀಟರಿನ ನಾಲ್ಕು ಕ್ಯಾನುಗಳಲ್ಲಿ ತುಂಬಿ, ಎರಡನ್ನು ಬೆನ್ನಿಗೆ ಕಟ್ಟಿ ಎರಡನ್ನು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಅದು ಸೋಮವಾರದವರೆಗೆ ನಮ್ಮ ಸ್ನಾನದ ತೊಟ್ಟಿಯಲ್ಲಿ ನಿಂತು ಮನೆಯ ಬಿಸಿಗೆ ಹದವಾಗಬೇಕು. ಅಲ್ಲಿಯವರೆಗೆ ನಾವು ಮೂವರೂ ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಳ್ಳಬೇಕು.

"ನಿನ್ನ ತಟ್ಟೆಗಳಿಗೆ ಬೆಟ್ಟದ ನೀರು, ನಂಗೆ ಒದ್ದೆ ಬಟ್ಟೆ. ಮುಂದಿನ ಜನ್ಮದಲ್ಲಿ ಮೀನಾಗಿ ಹುಟ್ತೀನಿ ಓಲ್ಡಾ, ಆಗ್ಲಾದ್ರೂ ಮುಖ ನೋಡ್ತೀಯ" ಎನ್ನುತ್ತಿದ್ದಳು ಅಮ್ಮ. (ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿರುವ ಮೀನು ಅದು. ಕ್ವಿಡೊನ ಓದುಗರಿಗೆ ಇದನ್ನು ಹೇಳಬೇಕಿಲ್ಲ. ನಿಮಗೆ ಹೇಳುತ್ತಿದ್ದೇನೆ. ಅಂದರೆ ಇದು ಕ್ವಿಡೊನ ಲೇಖನವಾಗಿ ಉಳಿದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿದೆ.)

೨. ಬಿಸಿ ಇಪ್ಪತ್ತೊಂಬತ್ತು ಡಿಗ್ರಿ

ಬರೆಯಲು ಇನ್ನೇನೂ ಇಲ್ಲ. ಆದರೆ ಶಾಲೆಯಿಂದ ಬಂದು, ಹಿಮದ ಬೂಟು ಬಿಚ್ಚಿ, ಹೆಪ್ಪುಗಟ್ಟಿದ ಕೈಯನ್ನು ಅಕ್ವೇರಿಯಂನ ಗಾಜಿಗೆ ಒತ್ತಿ ಹಿಡಿಯುತ್ತಿದ್ದೆನಲ್ಲ, ಆ ಬಿಸಿ ಆಮೇಲೆ ಯಾವ ಮನೆಯಲ್ಲೂ ಸಿಕ್ಕಿಲ್ಲ. ನೀಲಿ ಗೀರುಗಳ ಗಂಡು ಮೀನು ನಿಧಾನವಾಗಿ ನನ್ನ ಅಂಗೈ ಹತ್ತಿರ ಬಂದು, ಇದು ತಿನ್ನುವ ವಸ್ತುವೋ ಅಲ್ಲವೋ ಎಂದು ಯೋಚಿಸಿ, ವಾಪಸು ಹೋಗುತ್ತಿತ್ತು. ಆ ಸಂಜೆಗಳು ಬೇಕು ನನಗೆ. ಈಗಲೂ ಬೇಕು.

೩. ಕೆಂಪು ಹುಳುಗಳನ್ನು ತೊಳೆಯದೆ ಹಾಕಬೇಡಿ

ನದಿಯ ಕೆಸರಿನಲ್ಲಿ ಸಿಗುವ ದಾರದಂಥ ಹುಳುಗಳಿವು. ಡಿಸ್ಕಸ್ ಮೀನಿಗೆ ಇವೆಂದರೆ ಪ್ರಾಣ, ಕೆಸರು ಹೋಗದಿದ್ದರೆ ಪ್ರಾಣಕ್ಕೇ ಕುತ್ತು. ಹರಿಯುವ ನೀರಿನಲ್ಲಿ ಮೂರು ದಿನ ಇಡಬೇಕು. ಊರಿನ ಅಕ್ವೇರಿಯಂ ಹುಚ್ಚರೆಲ್ಲ ಮಾಡುತ್ತಿದ್ದುದನ್ನೇ ಅಪ್ಪನೂ ಮಾಡುತ್ತಿದ್ದ: ಕಕ್ಕಸಿನ ಫ್ಲಶ್ ತೊಟ್ಟಿಯಲ್ಲಿ ಬಲೆ ಕಟ್ಟಿ ಬಿಡುತ್ತಿದ್ದ. ಮನೆಯವರು ಎಷ್ಟು ಸಲ ಹೋಗಿ ಬಂದರೆ ಹುಳುವಿಗೆ ಅಷ್ಟು ಸಲ ಹೊಸ ನೀರು.

"ತೊಟ್ಟಿ ಮೀನಿಗೆ, ಫ್ಲಶ್ಶು ಹುಳಕ್ಕೆ. ಈ ಮನೇಲಿ ನಾನೆಲ್ಲಿ ಇರ್ಲಿ ಹೇಳು?"

"ಹಾಲ್‌ನಲ್ಲಿರು ಲಿಬುಶೆ. ಹೋಗಿ ಬರ್ತಾ ಒಂದ್ಸಲ ಫ್ಲಶ್ ಎಳೆದುಬಿಡು."

ಹೀಗೆ ಬೈದುಕೊಂಡೇ ಅವಳು ದಿನಕ್ಕೆರಡು ಸಲ ಮುಚ್ಚಳ ತೆಗೆದು ಹುಳುಗಳು ಹೇಗಿವೆ ಎಂದು ನೋಡುತ್ತಿದ್ದಳು.

೪. ಮರಿಗಳಾದಾಗ ತೊಂದರೆ ಕೊಡಬೇಡಿ

ನಮ್ಮ ಜೋಡಿ ಮೀನುಗಳು ಐದು ಸಲ ಮೊಟ್ಟೆಯಿಟ್ಟು ಐದು ಸಲವೂ ತಾವೇ ತಿಂದುಬಿಟ್ಟಿದ್ದವು. ಆರನೆಯ ಸಲ, ೧೯೮೬ರ ಡಿಸೆಂಬರಿನಲ್ಲಿ, ಮರಿಗಳಾದವು. ಡಿಸ್ಕಸ್ ಮರಿಗಳು ಮೊದಲ ದಿನಗಳಲ್ಲಿ ತಿನ್ನುವುದು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನು. ಒಬ್ಬರ ಪಕ್ಕೆ ಬರಿದಾದರೆ ಇನ್ನೊಬ್ಬರ ಪಕ್ಕೆಗೆ ಹಾರುತ್ತವೆ. ಅದನ್ನು ಮೊದಲ ಸಲ ನೋಡಿದಾಗ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುತ್ತಿದ್ದ ನನ್ನ ಅಪ್ಪ ಅತ್ತುಬಿಟ್ಟ. ಆಮೇಲೆ ಗಾಜಿಗೆ ಕಂಬಳಿ ಇಳಿಬಿಟ್ಟು, ತನ್ನ ಹೊರತು ಯಾರೂ ಇಣುಕಕೂಡದು ಎಂದು ಆಜ್ಞೆ ಮಾಡಿದ. ಒಂಬತ್ತು ವರ್ಷದ ನನಗೂ ಅದೇ ಕಾನೂನು.

೫. ತೊಟ್ಟಿಯ ನೀರಿಗೆ ಬೇರೆ ಮೀನು ಬಿಡಬೇಡಿ

(ಮೊದಲ ಕರಡು.) *ಕ್ರಿಸ್‌ಮಸ್ಸಿಗೆ ಕೊಂಡ ಗೆಂಡೆ ಮೀನನ್ನು ಅಮ್ಮ ಆ ಸ್ನಾನದ ತೊಟ್ಟಿಗೆ ಬಿಟ್ಟಳು. ಅದೇ ನೀರು ಅಕ್ವೇರಿಯಂಗೆ ಹೋಯಿತು. ಮರಿಗಳೆಲ್ಲ ಸತ್ತವು.*

ಇದು ನಮ್ಮ ಮನೆಯ ಅಧಿಕೃತ ಇತಿಹಾಸ. ಇದನ್ನು ಟೈಪ್ ಮಾಡುವಾಗ ಅಮ್ಮ ಬಾಗಿಲಿಂದ ನನ್ನನ್ನೇ ನೋಡುತ್ತಿದ್ದಳು. ಅಳಿಸಿದೆ.

(ಎರಡನೆಯ ಕರಡು.) ಹಬ್ಬದೂಟಕ್ಕೆಂದು ಊರೆಲ್ಲ ಜೀವಂತ ಗೆಂಡೆ ತಂದು ತಮ್ಮ ತಮ್ಮ ತೊಟ್ಟಿಗಳಲ್ಲಿ ಈಜಾಡಿಸುತ್ತಿದ್ದರೆ, ನಮ್ಮದು ಮಾತ್ರ ಪ್ರತಿ ವರ್ಷ ಮೇಲಿನ ಮನೆ ವ್ಲಾಸ್ತಾ ಆಂಟಿಯ ತೊಟ್ಟಿಯಲ್ಲಿ ಪರದೇಶಿಯಂತೆ ಇರುತ್ತಿತ್ತು. ಕಂಬಳಿಯೊಳಗೆ ಇಣುಕುವಂತಿಲ್ಲ, ನಮ್ಮದೇ ಗೆಂಡೆಯನ್ನು ನೋಡಲು ಮೇಲೆ ಹೋಗಿ ಬೆಲ್ ಒತ್ತಬೇಕು. ಭಾನುವಾರ ಮಧ್ಯಾಹ್ನ ಆಂಟಿ ಇರಲಿಲ್ಲ, ಅವಳ ಕೀಲಿಕೈ ನಮ್ಮಲ್ಲಿತ್ತು. ಅಪ್ಪ ಮಲಗಿದ್ದ. ನಾನು ಬಕೆಟ್ಟು ತೆಗೆದುಕೊಂಡು ಹೋಗಿ, ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಮೆಟ್ಟಿಲಿಳಿಸಿ ತಂದು ನಮ್ಮ ತೊಟ್ಟಿಗೆ ಬಿಟ್ಟೆ. ಒಂದು ಗಂಟೆ ಅದಕ್ಕೆ ಕಪ್ತಾನ ಎಂದು ಹೆಸರಿಟ್ಟು ಮಾತಾಡಿಸಿ, ಹಾಗೆಯೇ ವಾಪಸು ಬಿಟ್ಟು ಬಂದೆ. ಆ ಒಂದು ಗಂಟೆಯಷ್ಟು ಸಂತೋಷ ಬಾಲ್ಯದಲ್ಲಿ ಮತ್ತೆ ಸಿಕ್ಕಿತೋ ಇಲ್ಲವೋ ತಿಳಿಯದು.

ಸೋಮವಾರ ಅಪ್ಪ ನೀರು ಬದಲಾಯಿಸಿದ. ತೊಟ್ಟಿಯ ತಳದಲ್ಲಿ ಉಗುರಿನಷ್ಟು ಅಗಲದ ಗೆಂಡೆ ಹುರುಪೆ ಸಿಕ್ಕಿತು. ಮಂಗಳವಾರ ಅವನು ಕಂಬಳಿ ಎತ್ತಿದಾಗ ದೊಡ್ಡ ಮೀನುಗಳೆರಡೂ ಇದ್ದಿಲಿನಂತೆ ಕಪ್ಪಾಗಿ ಮೂಲೆ ಹಿಡಿದಿದ್ದವು. ಮರಿಗಳು ಹಿಡಿಯಲು ಪಕ್ಕೆಯಿಲ್ಲದೆ ಚದುರಿದ್ದವು. ಅಪ್ಪ ಆ ಹುರುಪೆಯನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದ.

"ಯಾರು?"

ಅಮ್ಮ ಸಲಾಡಿಗೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ.

"ನಾನೇ. ವ್ಲಾಸ್ತಾ ತೊಟ್ಟಿ ಸೋರ್ತಿತ್ತು. ಒಂದು ಗಂಟೆ ಬಿಟ್ಟಿದ್ದೆ."

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನಕ್ಕೆ ಒಂದು ಮರಿಯೂ ಉಳಿಯಲಿಲ್ಲ. ಹೊಸ ವರ್ಷದವರೆಗೆ ಅಪ್ಪ ಅಮ್ಮನ ಜೊತೆ ಮಾತಾಡಲಿಲ್ಲ. ಜನವರಿಯಲ್ಲಿ ಅಕ್ವೇರಿಯಂ ಬಿಚ್ಚಿದ. ಭಾನುವಾರವೇ ನನ್ನ ಸ್ವೆಟರಿನ ಒದ್ದೆ ತೋಳನ್ನು ಮೂಸಿ ನೋಡಿ, ಒಗೆಯಲು ಹಾಕಿದ್ದವಳು ಅಮ್ಮ. ಅವಳಿಗೆ ಗೊತ್ತಿತ್ತು. ನನ್ನನ್ನು ಉಳಿಸಿದಳು, ನಾನು ಬಾಯಿ ಮುಚ್ಚಿಕೊಂಡೆ. ಮೂವತ್ತೆಂಟು ವರ್ಷ ಮುಚ್ಚಿಕೊಂಡೇ ಇದ್ದೆ.

(ಇಲ್ಲಿ ಎರಡು ಮುಕ್ತಾಯ ಬರೆದಿದ್ದೆ. ಒಂದರಲ್ಲಿ ಆಸ್ಪತ್ರೆಯಲ್ಲಿ ಅಮ್ಮನ ಕೈಹಿಡಿದು ಎಲ್ಲ ಒಪ್ಪಿಕೊಳ್ಳುತ್ತೇನೆ. ಅದು ಶುದ್ಧ ಸುಳ್ಳು, ಆಸ್ಪತ್ರೆಯಲ್ಲಿ ನಾವು ಮಾತಾಡಿದ್ದು ಸೂಪಿನ ಬಗ್ಗೆ. ಇನ್ನೊಂದರಲ್ಲಿ ಅಪ್ಪ ನನ್ನನ್ನು ಕ್ಷಮಿಸುತ್ತಾನೆ. ಕರಡಿನ ಅಪ್ಪ ನಡುವೆ ಬಾಯಿ ಹಾಕಿ, "ಇಪ್ಪತ್ತೊಂಬತ್ತು ಅಂತ ಬರ್ದಿದ್ದೀಯ, ಮರಿ ಇದ್ದಾಗ ಮೂವತ್ತು" ಎಂದ. ಅವನ ಕೈಲಿ ಕ್ಷಮೆ ಗಿಮೆ ಆಗುವ ಕೆಲಸವಲ್ಲ.)

೬. ಮೀನು ಕಪ್ಪಾದರೆ ಕಾರಣ ಹುಡುಕಿ

ನೀರು ಕೆಟ್ಟರೆ ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ ಎಂದು ಬರೆಯಬೇಕಿತ್ತು. ಗೊತ್ತಿರಲಿಲ್ಲ. ಊರಿನಲ್ಲಿ ಪೆನ್ಷನ್ ತೆಗೆದುಕೊಂಡು ಇಸ್ಪೀಟಾಡಿಕೊಂಡಿರುವ ನಿಜವಾದ ಅಪ್ಪನಿಗೇ ಫೋನ್ ಮಾಡಿದೆ.

"ನೀರು ಕೆಟ್ರೆ? ಗಂಟೆ ಸಾಕು" ಎಂದ.

"ಆ ವರ್ಷ ನಮ್ಮವು ಮಂಗಳವಾರ ತಾನೇ ಕಪ್ಪಾಗಿದ್ದು?"

"ಶನಿವಾರ."

"ಅಲ್ಲಪ್ಪ, ನೀರು ಹಾಕಿದ್ಮೇಲೆ."

"ಮೀನು ನಂದೋ ನಿಂದೋ? ಶನಿವಾರ ಬಸ್ಸಿಳಿದು ಬಂದು, ಕೋಟು ಬಿಚ್ಚೋ ಮುಂಚೆನೇ ಕಂಬಳಿ ಎತ್ತಿ ನೋಡ್ದೆ. ಆಗ್ಲೇ ಕಪ್ಪಾಗಿದ್ವು. ಶುಕ್ರವಾರ ತಂದ ಹುಳ ಶುಕ್ರವಾರನೇ ಹಾಕ್ಬಿಟ್ಟಿದ್ದೆ. ಹೆಣ್ಣು ಸೊರಗಿತ್ತು, ತಿನ್ಲಿ ಅಂತ. ಮೂರು ದಿನ ಕಾಯೋ ತಾಳ್ಮೆ ಇರ್ಲಿಲ್ಲ ನಂಗೆ."

ಗೆಂಡೆ ಬಂದದ್ದು ಭಾನುವಾರ.

"ಮತ್ತೆ ಆ ಹುರುಪೆ ಹಿಡ್ಕೊಂಡು ಯಾರು ಅಂತ ಯಾಕೆ ಕೇಳ್ದೆ?"

"ಬೇರೆ ಯಾರದಾದ್ರೂ ತಪ್ಪಾಗ್ಲಿ ಅಂತ ಆಸೆ. ಅವ್ಳು ಫ್ಲಶ್ಶಿನ ಮುಚ್ಚಳ ತೆಗೆದು ನೋಡಿದ್ಲು, ಹುಳ ಇರ್ಲಿಲ್ಲ. ನಾನೇ ಕೊಂದೆ ಅಂತ ಅವಳಿಗೆ ಗೊತ್ತಾಗಿತ್ತು. ಅದಕ್ಕೇ 'ನಾನೇ' ಅಂದ್ಲು. ನನ್ನ ಉಳಿಸೋಕೆ."

"ಹೊಸ ವರ್ಷದವರೆಗೂ ಮಾತು ಬಿಟ್ಟಿದ್ದೆಯಲ್ಲ?"

"ನಾಚಿಕೆ ಕಣೇ. ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಆಗ ಹೇಳಿದೆ. ಬಕೆಟ್ಟು, ಟವೆಲು, ಒದ್ದೆ ತೋಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗೆಂಡೆ ನೀನು ಬಿಟ್ಟಿದ್ದಾ?"

"ಹೂಂ. ಅಮ್ಮ ಆ ಸುಳ್ಳು ಹೇಳಿದ್ದು ನನಗೋಸ್ಕರ ಅಪ್ಪ."

"ಅಲ್ಲ. ನನಗೋಸ್ಕರ."

"ನನ್ನ ಸ್ವೆಟರ್ ಮೂಸಿ ನೋಡಿದ್ಲು ಅಂತಿದ್ದೀನಲ್ಲ!"

"ನನ್ನ ಹುಳದ ಬಲೆ ನೋಡಿದ್ಲು ಅಂತ ನಾನೂ ಅಂತಿದ್ದೀನಲ್ಲ!"

ಐವತ್ತರ ಹತ್ತಿರದ ಮಗಳು, ಎಂಬತ್ತರ ಹತ್ತಿರದ ಅಪ್ಪ ಹೀಗೆ ಕಿತ್ತಾಡಿದೆವು. ಓದುಗರೇ, ಕಥೆ ನನ್ನ ಕೈಯಲ್ಲಿದೆ, ತೀರ್ಪು ಕೊಡಬಹುದಿತ್ತು. ಅಮ್ಮನನ್ನೇ ಕೇಳೋಣವೆಂದು ಅವಳ ಬಾಯಿಗೆ ಮೂರು ಬೇರೆ ಬೇರೆ ಉತ್ತರ ಬರೆದು ನೋಡಿದೆ. ಒಂದನ್ನೂ ಅವಳು ಆಡಲಿಲ್ಲ. ಆಲೂಗಡ್ಡೆ ಹೆಚ್ಚುತ್ತಲೇ ಇದ್ದಾಳೆ. ಹಾಗಾಗಿ ಲೇಖನ ಇಲ್ಲಿಗೇ ನಿಂತಿದೆ, ಕ್ವಿಡೊ ಕ್ಷಮಿಸಲಿ.

ಫೋನಿನಲ್ಲಿ ಅಪ್ಪನ ದನಿ ಇಳಿಯಿತು.

"ನಿನಗೋಸ್ಕರ ಸುಳ್ಳು ಹೇಳೋರು ಇನ್ನೂ ಇದ್ದಾರೆ ಯಿಟ್ಕಾ. ಗಂಡ ಇದ್ದಾನೆ, ಮಕ್ಕಳಿದ್ದಾರೆ. ನಂಗೆ ಇದ್ದವಳು ಅವಳೊಬ್ಬಳೇ. ಇದೊಂದನ್ನ ನಂಗೆ ಬಿಟ್ಕೊಡು."

ಆಯ್ತು ಎಂದು ನಾನಿನ್ನೂ ಹೇಳಿಲ್ಲ. ಅವನೂ ಫೋನ್ ಇಟ್ಟಿಲ್ಲ.