ಸುಣ್ಣದ ಮೇಲಿನ ಅಂಟು

ನನ್ನ ಮಾವ ಸೀಲಿಂಗ್ ಕೆಲಸದವರು. ಅಂಟಿನ ಮೇಲೆ ಅವರಿಗಿರುವ ನಂಬಿಕೆ ಹೆತ್ತ ಮಗನ ಮೇಲೂ ಇಲ್ಲ, ಅದಕ್ಕೇ ಜನ ಅವರನ್ನು ಅಂಟಪ್ಪ ಎನ್ನುತ್ತಾರೆ. ಆ ಮಗ, ಅಂದರೆ ನನ್ನ ಗಂಡ, ಏಣಿ ಹತ್ತಿದರೆ ತಲೆ ಸುತ್ತಿ ಕೂರುವವನು. ಹಾಗಾಗಿ ಬೋರ್ಡ್ ಎತ್ತಿಕೊಡುವ ಕೆಲಸ ಸೊಸೆಯ ಪಾಲಿಗೆ ಬಂತು. ಎತ್ತುವುದು ನನಗೆ ಕಷ್ಟವಲ್ಲ. ಬಾಯಿ ಮುಚ್ಚಿಕೊಂಡು ಎತ್ತುವುದು ಕಷ್ಟ.

ಈ ಸಲದ ಕೆಲಸ ಶಿಶುವಿಹಾರದ್ದು. ಮಧ್ಯಾಹ್ನ ಮಕ್ಕಳು ಚಾಪೆ ಹಾಸಿ ಮಲಗುವ ಕೋಣೆ. ಹಳೆಯ ಗಾರೆಯ ಸೀಲಿಂಗಿನಲ್ಲಿ ಬಿರುಕು ಕಂಡ ಟೀಚರಮ್ಮ ಹೆದರಿ, ಜಿಪ್ಸಂ ಬೋರ್ಡ್ ಹೊದಿಸಿಕೊಡಿ ಎಂದಿದ್ದರು. ಸೋಮವಾರ ಮಕ್ಕಳು ಬರುತ್ತಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು.

ಶನಿವಾರ ಮಾವ ಏಣಿ ಹತ್ತಿ ಬೆರಳಿನ ಗೆಣ್ಣಿನಿಂದ ಗಾರೆಯನ್ನು ಉದ್ದಕ್ಕೂ ತಟ್ಟಿದರು. ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. "ಗಟ್ಟಿಯಿದೆ. ಬೇಗ ಹಿಡಿಯೋ ಅಂಟೇ ಸಾಕು. ಸ್ಕ್ರೂ ಬೇಡ," ಎಂದರು. ಸ್ಕ್ರೂ ಎಂದರೆ ಅವರಿಗೆ ಅವಮಾನ. ಕೆಲಸ ಬಾರದವರು ಸ್ಕ್ರೂ ಹೊಡೆಯುತ್ತಾರೆ ಎಂದು ಅವರ ವಾದ.

ನಾನೂ ಏಣಿ ಹತ್ತಿ, ಅಂಗೈ ಒದ್ದೆ ಮಾಡಿಕೊಂಡು ಸೀಲಿಂಗನ್ನು ಉಜ್ಜಿದೆ. ಕೈಯೆಲ್ಲ ಬೆಳ್ಳಗಾಯಿತು.

"ಮಾವ, ಇದು ಸುಣ್ಣ. ವರ್ಷವರ್ಷ ಒಂದರ ಮೇಲೊಂದು ಬಳಿದಿದ್ದಾರೆ. ಅಂಟು ಹಿಡಿಯೋದು ಸುಣ್ಣಾನ, ಗಾರೇನ ಅಲ್ಲ. ಕೆರೆದು ತೊಳೆಯೋಣ. ನಿಧಾನಕ್ಕೆ ಆರಿ ರಬ್ಬರ್ ಥರ ಆಗುತ್ತಲ್ಲ, ಆ ಅಂಟು ಹಾಕೋಣ. ಅದರ ಜೊತೆಗೆ ಗಾರೆ ಹಿಂದಿರೋ ತೊಲೆಗೆ ಸ್ಕ್ರೂ ಬೇಕೇ ಬೇಕು."

"ಕೆರೀತಾ ಕೂತ್ರೆ ಸೋಮವಾರಕ್ಕೆ ಮುಗಿಯುತ್ತಾ? ಸ್ಕ್ರೂ ಹೊಡೆದ್ರೆ ಆ ಅದುರಾಟಕ್ಕೆ ಇರೋ ಗಾರೇನೂ ಉದುರುತ್ತೆ. ಈ ಅಂಟು ನನ್ನ ಕೈ ಬಿಟ್ಟಿಲ್ಲ, ಬಿಡೋದೂ ಇಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಪಿತ್ತ ನೆತ್ತಿಗೇರಿತು, ಆದರೂ ಹಿರಿಯರು ಎಂದು ಸುಮ್ಮನಾದೆ. ಬೋರ್ಡಿನ ಬೆನ್ನಿಗೆ ಅವರು ಅಂಟಿನ ಉಂಡೆಗಳನ್ನು ಇಟ್ಟರು, ನಾನು ಎತ್ತಿಕೊಟ್ಟೆ. ಕಿಟಕಿಯ ಪಕ್ಕ ಮೊದಲ ಬೋರ್ಡ್ ಕೂತಿತು. ಕೆಳಗಿನಿಂದ ಆಸರೆ ಕೋಲು ಕೊಟ್ಟು ಮನೆಗೆ ಹೋದೆವು.

ಮಾವನ ಕಸುಬಿನಲ್ಲಿ ಒಂದು ಕಟ್ಟಳೆ ಇದೆ, ಅವರಪ್ಪನಿಂದ ಬಂದದ್ದು. ಕೋಲು ತೆಗೆದ ಮೇಲೆ, ಯಾವ ಅಂಟು ಎಂದು ಆರಿಸಿದವರೇ ಮೊದಲು ಬೋರ್ಡಿನಡಿ ಮಲಗಬೇಕು. ಅರ್ಧ ತಾಸು ಮಲಗಿ ಎದ್ದರೆ ಅಂಟು ಪಾಸು. ಅರ್ಧ ತಾಸು ನಿಂತದ್ದು ವರ್ಷಗಟ್ಟಲೆ ನಿಲ್ಲಬೇಕೆಂದೇನೂ ಇಲ್ಲ ಎಂಬುದು ಆ ವಂಶದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೋಲು ತೆಗೆದೆ. ಬೋರ್ಡ್ ನಿಂತಿತು. ಮಾವ ಗೆದ್ದವರಂತೆ ನನ್ನ ಮುಖ ನೋಡಿ, ಚಾಪೆ ಹಾಸಿ, ಎದೆಯ ಮೇಲೆ ಕೈಯಿಟ್ಟು ಮಲಗಿದರು.

ನಾನು ಬೋರ್ಡಿನ ಅಂಚಿನಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಬೆಳಕಿನಲ್ಲಿ ಬಿಳಿ ಪುಡಿ ಉದುರಿತು, ಹಿಟ್ಟು ಜರಡಿ ಹಿಡಿದ ಹಾಗೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು.

"ಮಾವ, ಏಳಿ. ಬಾಯಿ ಬಿಡ್ತಿದೆ."

"ಕೂತ್ಕೊಳ್ತಿದೆ ಅಷ್ಟೆ. ಹೊತ್ತು ಮುಗೀಲಿ."

"ಪುಡಿ ನಿಮ್ಮ ಮೀಸೆ ಮೇಲೇ ಬಿದ್ದಿದೆ."

"ಮೀಸೆ ಮೊದಲೇ ಬಿಳಿ."

ಆ ಹೊತ್ತಿನಲ್ಲೂ ತಮಾಷೆ. ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಎಳೆದು ಹಾಕೋಣವೆಂದರೆ ಅವರು ನನ್ನ ಎರಡರಷ್ಟು ತೂಕ. ಮತ್ತೆ ಕೋಲು ಕೊಡಲು ಹೋದರೆ ಅದು ತಾಗಿಯೇ ಬೋರ್ಡ್ ಬೀಳಬಹುದು. ಬೇರೇನೂ ತೋಚಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಮಗಳ ಚಾಪೆ ತಂದು ಅವರ ಪಕ್ಕ ಹಾಸಿ ಮಲಗಿಬಿಟ್ಟೆ.

"ಏನಿದು ಹುಚ್ಚಾಟ?"

"ನಾಳೆಯಿಂದ ಇದು ಅವಳ ಜಾಗ. ಕಿಟಕಿ ಪಕ್ಕಾನೇ ಬೇಕು ಅಂತ ಹಟ ಮಾಡಿ ಇಸ್ಕೊಂಡಿದ್ದಾಳೆ. ಅಂಟು ಗಟ್ಟಿಯಿದ್ರೆ ನನಗೇನು ಭಯ?"

"ಎದ್ದೇಳು."

"ಮೊದಲು ನೀವು ಏಳಿ."

ಮೇಲೆ ಏನೋ ಟಿಕ್ ಎಂದಿತು. ಮಾವ ತಲೆ ತಿರುಗಿಸಿ ಆ ಪುಟ್ಟ ಚಾಪೆಯನ್ನು ನೋಡಿದರು. ನನ್ನ ಕಾಲುಗಳು ಅದನ್ನು ದಾಟಿ ಬರೀ ನೆಲದ ಮೇಲಿದ್ದವು. ಅವರ ಮುಖದ ಬಣ್ಣವೇ ಹೋಯಿತು. ಮಂಡಿ ನೋವೆಂದು ದಿನವೂ ನರಳುವವರು ಒಂದೇ ಏಟಿಗೆ ಎದ್ದು, ನನ್ನ ರಟ್ಟೆ ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋದರು.

ಅಲ್ಲಿಂದ ಉದ್ದನೆಯ ಕೋಲು ಚಾಚಿ ಬೋರ್ಡಿನ ಅಂಚನ್ನು ಸುಮ್ಮನೆ ಮುಟ್ಟಿದರು. ಇಡೀ ಬೋರ್ಡ್ ಎರಡೂ ಚಾಪೆಗಳ ಮೇಲೆ ಧೊಪ್ಪೆಂದು ಬಿತ್ತು.

ಧೂಳು ಇಳಿದ ಮೇಲೆ ಹತ್ತಿರ ಹೋಗಿ ನೋಡಿದೆವು. ಅಂಟಿನ ಉಂಡೆಗಳು ಬೋರ್ಡಿನಿಂದ ಒಂದೂ ಬಿಟ್ಟಿರಲಿಲ್ಲ. ಒಂದೊಂದರ ನೆತ್ತಿಯ ಮೇಲೂ ಸುಣ್ಣದ ಪದರ ಸಿಪ್ಪೆಯಂತೆ ಕಿತ್ತು ಬಂದಿತ್ತು. ಮೇಲೆ ಗಾರೆ ಇದ್ದ ಹಾಗೇ ಇತ್ತು.

ಹೇಳಿದ್ದೆನಲ್ಲ ಎನ್ನಲು ಬಾಯಿ ತೆರೆದೆ. ಮಾವ ಗೋಡೆಗೆ ಒರಗಿ ಕುಸಿದು ಕೂತಿದ್ದರು.

"ಸೋಮವಾರ ಕೋಣೆ ಸಿಗಲ್ಲ ಅಂತ ಟೀಚರಮ್ಮನಿಗೆ ನಾನೇ ಹೇಳ್ತೀನಿ," ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, "ಇನ್ನೊಂದ್ಸಲ ನಾನು ಹೀಗೆ ಮಾಡಿದ್ರೆ ಪಕ್ಕದಲ್ಲಿ ಬಂದು ಮಲಗಬೇಡ ಕಣಮ್ಮ. ಬೈಯಿ. ಸೊಸೆ ಅನ್ನೋದು ಮರೆತು, ಬಾಯಿಗೆ ಬಂದ ಹಾಗೆ ಬೈಯಿ."

ಬೈಗುಳಗಳನ್ನು ನಾನು ಬೇಕಾದಷ್ಟು ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅವರ ಪಕ್ಕ ಕೂತು ಅತ್ತುಬಿಟ್ಟೆ.