ಸರೋವರ ಕಾಣುವ ಅಡುಗೆಮನೆ

"ಮೀನೂ ಬೇಡಮ್ಮ. ಮೀನಿಗೂ ಜೀವ ಇರುತ್ತಲ್ವಾ? ಕೋಳೀನೂ ತರಕಾರಿ ಲೆಕ್ಕಕ್ಕೆ ಬರಲ್ಲ... ಹಾಗಾದ್ರೆ ನಮಗೆ ಏನು ಕೊಡ್ತೀರಾ? ಬ್ರೆಡ್ಡು, ಚೀಸು, ಬೇಯಿಸಿದ ಆಲೂಗಡ್ಡೆ, ಅಷ್ಟೇನಾ? ಸರಿ, ಯೋಚನೆ ಮಾಡಿ ಹೇಳ್ತೀನಿ."

ಬಸ್ ಡ್ರೈವರು ಫೋನಿಟ್ಟು, "ಕಾಯಿಲೆಯವರ ಊಟ!" ಎಂದು ಮೂಗು ಮುರಿದ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಊರೆಲ್ಲ ಸುತ್ತುವ ಈ ಮನುಷ್ಯನಿಗೆ ಮಂಜು ಕವಿದ ರಸ್ತೆಯಾಗಲಿ, ಬೆನ್ನ ಹಿಂದಿನ ಕಿರುಚಾಟವಾಗಲಿ ಯಾವತ್ತೂ ತಲೆನೋವು ತಂದದ್ದಿಲ್ಲ. ಪ್ರವಾಸಕ್ಕೆಂದು ಫೋನ್ ಮಾಡಿ ವಿಚಾರಿಸಿದ ಹಿಮದ ಬೆಟ್ಟಗಳ ಹೋಟೆಲಿನವರು ಮಾತ್ರ ಅವನ ತಲೆ ಚಿಟ್ಟು ಹಿಡಿಸಿದ್ದರು. ಮನೆಯಲ್ಲಿ ಗಂಡ, ಹೆಂಡತಿ, ಮಗಳು ಮೂವರೂ ಸಸ್ಯಾಹಾರಿಗಳು. ಅದರಲ್ಲೂ ಇವನು ಸೂಪಿಗೆ ಮೂಳೆ ಹಾಕಿದ್ದೀರಾ, ಮಾಂಸಕ್ಕೂ ತರಕಾರಿಗೂ ಒಂದೇ ಸೌಟಾ ಎಂದು ಕೇಳಿ ಕೇಳಿ ಬಡಿಸುವವರ ಪ್ರಾಣ ತಿನ್ನುವವನು.

ಪ್ರವಾಸದ ಆಸೆ ಹೆಂಡತಿಯದು. ಅವಳು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಇಡೀ ವಾರ್ಡಿಗೆ ಬೇಯಿಸಿ ಬಂದು ಇಲ್ಲಿ ಮನೆಯವರಿಗೆ ಬೇಯಿಸುವುದು. ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದವಳು, "ದೊಡ್ಡ ಸರೋವರ, ಅದರ ಹಿಂದೆ ಹಿಮದ ಬೆಟ್ಟ. ಅದರ ಮುಂದೆ ಒಂದ್ಸಲ ಸುಮ್ನೆ ಕೂತ್ಕೋಬೇಕು ರೀ. ಬೇರೇನೂ ಬೇಡ" ಅಂದಿದ್ದಳು. ಬಾಯಿಬಿಟ್ಟು ಏನನ್ನೂ ಕೇಳದ ಹೆಂಗಸು ಕೇಳಿದ್ದಾಳೆಂದು ಡ್ರೈವರು ಅಂದಿನಿಂದ ಟೊಂಕ ಕಟ್ಟಿ ನಿಂತಿದ್ದ.

ಭಾನುವಾರ ಮಧ್ಯಾಹ್ನ ಅವನು ಹಿಗ್ಗಿಕೊಂಡು ಅಡುಗೆಮನೆಗೆ ನುಗ್ಗಿದ. ಹೆಂಡತಿ ಬಟಾಣಿ ಬಿಡಿಸುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಬಿಡಿಸಿದ್ದನ್ನೆಲ್ಲ ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಸಿಕ್ತು ಕಣೇ! ಸರೋವರದ ದಡದಲ್ಲೇ ಪುಟ್ಟ ಮನೆ. ಒಲೆ ಇದೆ, ಪಾತ್ರೆ ಇದೆ, ಫ್ರಿಜ್ಜೂ ಇದೆ. ಇನ್ನು ಯಾರ ಹತ್ರಾನೂ ಮೂಳೆ ಹಾಕ್ತೀರಾ ಅಂತ ಕೇಳೋ ಹಂಗಿಲ್ಲ. ಅಡುಗೆಮನೆ ಕಿಟಕಿಯಿಂದಲೇ ಸರೋವರ ಕಾಣುತ್ತಂತೆ!"

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು.

"ಆ ಕಿಟಕಿ ಮುಂದೆ ಯಾರು ನಿಂತ್ಕೋತಾರೆ?"

"ನೀನೇ, ಇನ್ಯಾರು?" ಅವನ ಮುಖ ಊರಗಲವಾಗಿತ್ತು.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಸಿಪ್ಪೆಗಳನ್ನೆಲ್ಲ ಒಟ್ಟುಮಾಡುತ್ತ, "ನೀವು ಅಪ್ಪ ಮಗಳು ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ. ಇಲ್ಲಾದ್ರೆ ಯಾವ ಡಬ್ಬ ಎಲ್ಲಿದೆ ಅಂತ ಗೊತ್ತು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಅವಳು ಬಟ್ಟೆ ಒಣಹಾಕಲು ಹೊರಗೆ ಹೋದ ಮೇಲೆ ಡ್ರೈವರು ಮಗಳ ಕಡೆ ತಿರುಗಿದ. "ನಾನೇನು ತಪ್ಪು ಮಾಡ್ದೆ? ಇಷ್ಟೆಲ್ಲ ಒದ್ದಾಡಿದ್ದು ಯಾರಿಗೋಸ್ಕರ?"

"ನಿನ್ನ ನಾಲಿಗೆಗೋಸ್ಕರ" ಅಂದಳು ಮಗಳು. "ಅಪ್ಪಾ, ನಿನ್ನ ರಜದಲ್ಲಿ ಯಾರಾದ್ರೂ ನಿನಗೆ ಒಂದು ಒಳ್ಳೇ ಬಸ್ಸು ಕೊಟ್ಟು, ಸೀನರಿ ಚೆನ್ನಾಗಿದೆ, ಓಡಿಸು ಅಂದ್ರೆ ಹೆಂಗಿರುತ್ತೆ?"

ಅವನ ಮುಖ ಸಣ್ಣದಾಯಿತು. ಇದಿಷ್ಟು ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ರೇಗಿತು. ಸುಮ್ಮನೆ ಕೂತುಕೊಳ್ಳಬೇಕು ಎಂದವಳಿಗೆ ತಾನು ಬೆಟ್ಟ ಹತ್ತಿಸಿ ಒಲೆ ತೋರಿಸಲು ಹೊರಟಿದ್ದ.

ಆ ಮನೆ ಬೇಡವೆಂದು ಆಗಲೇ ಫೋನ್ ಮಾಡಿ ಹೇಳಿದ. ಆದರೆ ಆ ಬ್ರೆಡ್ಡು-ಚೀಸಿನ ಹೋಟೆಲಿನಲ್ಲೇ ಬುಕ್ ಮಾಡಿದೆನೆಂದು ಬಂದು ಹೇಳಿದರೆ ಅವಳು ನಂಬುತ್ತಾಳೆಯೇ? ಅಲ್ಲಿಗೆ ಹೋದ ಮೇಲೆ ಇವನು ತಟ್ಟೆ ದೂಡಿ ಮುಖ ಗಂಟು ಹಾಕುತ್ತಾನೆ, ತಾನು ಜೊತೆಗೆ ಒಯ್ದ ಸ್ಟವ್ ಹೊತ್ತಿಸಲೇಬೇಕಾಗುತ್ತದೆ ಎಂಬುದು ಅವಳಿಗೆ ಅನುಭವದಿಂದಲೇ ಗೊತ್ತಿತ್ತು. ಡ್ರೈವರಿಗೆ ತನ್ನ ಕಸುಬಿನದೇ ಒಂದು ರೂಢಿಯಿತ್ತು. ಹೊಸ ರೂಟು ಕೊಟ್ಟರೆ ಮೊದಲು ಖಾಲಿ ಬಸ್ಸನ್ನು ಒಂದು ಸುತ್ತು ಓಡಿಸಿ ನೋಡದೆ ಮಕ್ಕಳನ್ನು ಹತ್ತಿಸಿಕೊಂಡವನಲ್ಲ.

ಮುಂದಿನ ಭಾನುವಾರ ಹೆಂಡತಿ ಸ್ನಾನ ಮುಗಿಸಿ ಬಂದಾಗ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟಿತ್ತು. ಒಳಗೆ ಡ್ರೈವರು ಬೆವರುತ್ತಿದ್ದ.

"ಏನ್ರೀ ಇದು?"

"ಖಾಲಿ ಬಸ್ಸು ಓಡಿಸ್ತಿದೀನಿ. ನೀನು ಹೋಗಿ ಕೂತ್ಕೋ."

ಮೇಜಿನ ಮೇಲೆ ಬ್ರೆಡ್ಡು, ಚೀಸು, ದಪ್ಪ ದಪ್ಪ ಹೆಚ್ಚಿದ ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ ಬಂದವು. ಅಂದು ಫೋನಿನಲ್ಲಿ ಹೋಟೆಲಿನವಳು ಹೇಳಿದ್ದಕ್ಕಿಂತ ಸೌತೆಕಾಯಿ ಒಂದೇ ಹೆಚ್ಚು. ಹೆಂಡತಿ ಖಾರದ ಪುಡಿ ತರಲು ಎದ್ದಳು.

"ಆ ಹೋಟೆಲಲ್ಲಿ ಇಷ್ಟೇ ಕೊಡೋದು, ಖಾರದ ಪುಡಿ ಇರಲ್ಲ. ಕೂತ್ಕೊಳೇ."

ಅವಳು ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮೇಜಿನ ಮೇಲೆ, ಒಮ್ಮೆ ತೊಡೆಯ ಮೇಲೆ ಇಟ್ಟುಕೊಂಡಳು. ಡ್ರೈವರು ಸಪ್ಪೆ ಆಲೂಗಡ್ಡೆಯನ್ನು ಅಗಿದು, ನುಂಗಿ, ಇನ್ನೊಂದನ್ನು ತಟ್ಟೆಗೆ ಹಾಕಿಕೊಂಡ. ಮಗಳು ನಗು ತಡೆಯಲಾರದೆ ನೀರಿನ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದಳು.

"ಹೆಂಗಿದೆ?" ಹೆಂಡತಿ ಕೇಳಿದಳು.

"ಚೆನ್ನಾಗಿದೆ."

"ಸುಳ್ಳು. ನಮ್ಮ ಆಸ್ಪತ್ರೇಲೇ ಇದಕ್ಕಿಂತ ರುಚಿಯಾಗಿರುತ್ತೆ."

"ಸುಳ್ಳೇ ಕಣೇ. ಆದ್ರೂ ನಾಲ್ಕು ದಿನ ತಿಂತೀನಿ. ಗೊಣಗಿದ್ರೆ ಕೇಳು."

ಅವಳು ಗಂಡನನ್ನೇ ನೋಡಿದಳು. ಮೀಸೆಗೆ ಬ್ರೆಡ್ಡಿನ ಪುಡಿ ಅಂಟಿತ್ತು, ಒಂದು ಬೆರಳು ಸುಟ್ಟು ಕೆಂಪಾಗಿತ್ತು. ಎಷ್ಟೋ ವರ್ಷದ ಹಿಂದಿನಂತೆ ಅವನ ಮೇಲೆ ಮುದ್ದು ಬಂತು.

"ಆ ಹೋಟೆಲ್‌ನವರಿಗೆ ಮೂರು ಜನ ಅಂತ ಹೇಳಿಬಿಡಿ" ಅಂದಳು.

ಡ್ರೈವರು ಪಾತ್ರೆಯ ತಳದಿಂದ, ಇನ್ನೂ ಹಬೆಯಾಡುತ್ತಿದ್ದ ಆಲೂಗಡ್ಡೆಯೊಂದನ್ನು ತೆಗೆದು ಅವಳ ತಟ್ಟೆಗೆ ಹಾಕಿದ. ಅವಳು ಯೋಚಿಸದೆ ಬಾಯಿಗಿಟ್ಟುಕೊಂಡು, ನಾಲಿಗೆ ಚುರ್ರೆಂದು "ಹಾ ಹಾ" ಅಂದಳು. ಉಳಿದ ಅರ್ಧವನ್ನು ಬೆರಳ ತುದಿಯಲ್ಲಿ ಹಿಡಿದು, ಮಕ್ಕಳಂತೆ ಕೆನ್ನೆ ಉಬ್ಬಿಸಿ ಊದತೊಡಗಿದಳು. ಎಲ್ಲರದೂ ಆದ ಮೇಲೆ ಕೊನೆಗೆ ಆರಿದ್ದನ್ನು ಉಣ್ಣುವ ತನ್ನ ಹೆಂಡತಿ ಹೀಗೆ ಊದಿ ಊದಿ ತಿನ್ನುವುದನ್ನು ಅವನು ಅದುವರೆಗೆ ನೋಡಿರಲಿಲ್ಲ. ತನ್ನ ತಟ್ಟೆಯನ್ನು ಮರೆತು ನೋಡುತ್ತ ಕೂತ.