ಒಂದೆರಡು ಕಡೆ ಮಳೆ

ನಮ್ಮಮ್ಮ ಓಬಳಮ್ಮನಿಗೆ ರೇಷ್ಮೆ ಹುಳುವೇ ದೇವರು. ಶಿಡ್ಲಘಟ್ಟದ ಸುತ್ತ ಹುಳು ಸಾಕದ ಮನೆ ಯಾವುದಿದೆ ಹೇಳಿ, ಆದರೆ ಅವಳಷ್ಟು ಮಡಿ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಳದ ಮನೆಯೊಳಗೆ ಮುಟ್ಟಾದವರು ಹೋಗುವಂತಿಲ್ಲ, ಹೆರಿಗೆಯ ಪುರುಡು ಇರುವವರ ನೆರಳೂ ಬೀಳುವಂತಿಲ್ಲ. ಬಿದ್ದರೆ ಹುಳು ಗೂಡು ಕಟ್ಟದೆ ಕಪ್ಪಾಗಿ ಕರಗಿಹೋಗುತ್ತವೆ ಎಂದು ಅವಳ ನಂಬಿಕೆ. ಹಾಗಾಗಿ ನಾನು ತವರಿಗೆ ಬಂದು ಚೊಚ್ಚಲ ಗಂಡುಮಗು ಹೆತ್ತಾಗ ಅವಳು ಬಾಣಂತಿ ಕೋಣೆಯ ಹೊಸ್ತಿಲಾಚೆ ನಿಂತೇ ಮೊಮ್ಮಗನ ಮುಖ ನೋಡಿದಳು.

"ಮೂಗು ನಮ್ಮಪ್ಪಂದೇ ಕಣೇ ಅಮ್ಮಾಜಿ," ಎಂದಳು. ಅಷ್ಟೇ. ಮುಟ್ಟಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಆ ವರ್ಷ ಯುಗಾದಿಯಿಂದೀಚೆಗೆ ಒಂದು ಹನಿ ಬಿದ್ದಿರಲಿಲ್ಲ. ಕಾಗೆಗಳು ಹುಣಸೆಮರದಲ್ಲಿ ಬಾಯಿ ಕಳೆದುಕೊಂಡು ಕೂತಿರುತ್ತಿದ್ದವು. ಹಿತ್ತಲಲ್ಲಿದ್ದ ಹುಳದ ಮನೆಯ ಕಿಟಕಿಗೆಲ್ಲ ಒದ್ದೆ ಗೋಣಿತಾಟು, ನೆಲಕ್ಕೆ ನೀರು, ಸೂರಿನ ಮೇಲೆ ಹಸಿ ತೆಂಗಿನ ಗರಿ. ನನ್ನ ಕೋಣೆಗೆ ಅಗ್ಗಿಷ್ಟಿಕೆಯ ಕೆಂಡ, ಸಾಂಬ್ರಾಣಿ ಹೊಗೆ, ಮುಚ್ಚಿದ ಬಾಗಿಲು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬಾಯಾರಿದೆ ಎಂದು ಗೋಗರೆದರೆ ಒಂದು ಗುಟುಕು ಬಿಸಿನೀರು. ಮಗುವಿಗೆ ಕುಲಾವಿ ತೊಡಿಸಿ ಎರಡು ದುಪ್ಪಟಿಯಲ್ಲಿ ಬಿಗಿಯಾಗಿ ಸುತ್ತಿದ್ದರು. ಈ ಮನೆಯಲ್ಲಿ ಹುಳುವಾಗಿ ಹುಟ್ಟಬೇಕಿತ್ತು ಕಣಪ್ಪ ನೀನು, ಎಂದು ನಾನು ಅವನಿಗೆ ಹೇಳುತ್ತಿದ್ದೆ.

ಕೋಣೆಯ ಯಜಮಾನಿಕೆ ಅಕ್ಕಯಮ್ಮತ್ತೆಯದು. ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ಚಿಂತಾಮಣಿ ಕಡೆಯಿಂದ ಬಂದು ನಮ್ಮಲ್ಲೇ ಇದ್ದವಳು.

"ಅತ್ತೆ, ಬೆಂದೋಗ್ತಿದೀವಿ. ಆ ಕೆಂಡ ಆಚೆಗಿಡು."

"ಏಮೀ ಕಾದುಲೇ," ಎಂದು ತೆಲುಗಿನಲ್ಲಿ ತಳ್ಳಿಹಾಕಿ ಅವಳು ಇನ್ನೊಂದು ಚಿಟಿಕೆ ಸಾಂಬ್ರಾಣಿ ಉದುರಿಸುವಳು. "ಏನೂ ಆಗಲ್ಲ. ಹಸಿ ಮೈ ಕಣಮ್ಮ. ಶೀತದಲ್ಲಿ ಹೋದೋರ್ನ ಈ ಕೋಣೇಲೇ ನೋಡಿದೀನಿ. ಬಿಸೀಲಿ ಹೋದೋರ್ನ ನೋಡಿಲ್ಲ."

ಶೀತದಲ್ಲಿ ಹೋದವನು ನನ್ನ ಅಣ್ಣ. ನಾನು ಹುಟ್ಟುವುದಕ್ಕೆ ಮೊದಲು, ಇದೇ ಕೋಣೆಯಲ್ಲಿ, ಮಳೆಯ ರಾತ್ರಿ ಗವಾಕ್ಷಿಯಿಂದ ಎರಚಲು ಬಡಿದು ಹಸುಗೂಸು ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತಂತೆ. ಅಮ್ಮ ಆ ಮಾತನ್ನು ಎಂದೂ ಎತ್ತಿದವಳಲ್ಲ.

ದಿನಾ ಸಂಜೆ ನಮ್ಮಪ್ಪ ವೆಂಕಟರಾಯಪ್ಪ ಪಂಚಾಯಿತಿ ಕಟ್ಟೆಯ ರೇಡಿಯೋ ಕೇಳಿಕೊಂಡು ಬರುತ್ತಿದ್ದ. ಬಂದು ಪಡಸಾಲೆಯಲ್ಲಿ ನಿಂತು ರೇಡಿಯೋದವರ ಗತ್ತಿನಲ್ಲೇ ಒಪ್ಪಿಸುತ್ತಿದ್ದ: "ಒಣಹವೆ ಮುಂದುವರಿಯುವುದು." ಆ ಮಾತು ಕೇಳಿದ್ದೇ ಅಮ್ಮ ಗೋಣಿತಾಟು ನೆನೆಸಲು ಓಡುವಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅವು ಆಗತಾನೇ ನಾಲ್ಕನೇ ಜ್ವರ ಎದ್ದು ಬಕಬಕನೆ ಸೊಪ್ಪು ಮೇಯುತ್ತಿದ್ದವು. ಇನ್ನು ಕೆಲವೇ ದಿನಕ್ಕೆ ಗೂಡು. ಮನೆಯವರೆಲ್ಲ ಅವುಗಳ ಹಿಂದೆಯೇ.

ಒಂದು ಸಂಜೆ ಅಪ್ಪನ ದನಿ ಬೇರೆಯಾಗಿತ್ತು. "ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ!"

ಬಾಗಿಲ ಸಂದಿಗೆ ಕಿವಿಯಿಟ್ಟಿದ್ದ ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಮ್ಮನ ದನಿ ಕೇಳಿಸಿತು.

"ಒಂದೆರಡು ಕಡೆ ಅಂದ್ರೆ ಎಲ್ಲಿ?"

"ಎಲ್ಲಿ ಅಂತ ಅವ್ರು ಹೇಳಲ್ವೆ."

"ಅದ್ರಲ್ಲಿ ಒಂದು ನಮ್ಮೂರೇ ಆದ್ರೆ? ಅಕ್ಕಾ, ಗವಾಕ್ಷಿ ಮುಚ್ಚಿಬಿಡಿ. ಕೆಂಡ ಜಾಸ್ತಿ ಮಾಡಿ. ಮಳೆಗಾಳಿ ಮಗೂ ಮೇಲೆ ಬೀಳಬಾರ್ದು."

ನಾನು ಒಳಗಿಂದ ಕೂಗಿದೆ. ಯಾರು ಕೇಳುತ್ತಾರೆ? ಉಸಿರಾಡಲು ಉಳಿದಿದ್ದ ಒಂದೇ ಕಿಂಡಿಗೆ ಅತ್ತೆ ಹಳೇ ಸೀರೆ ತುರುಕಿದಳು.

ಮರುದಿನ ನಂದಿ ಬೆಟ್ಟದ ಕಡೆ ಮೋಡ ಕಟ್ಟಿತಂತೆ. ದೂರದಲ್ಲಿ ಗುಡುಗಿದ್ದು ನನಗೂ ಕೇಳಿಸಿತು. ಹನಿ ಮಾತ್ರ ಬೀಳಲಿಲ್ಲ, ಗಾಳಿಯೂ ನಿಂತು ಧಗೆ ಇಮ್ಮಡಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಮಗು ಮೊಲೆ ಹಿಡಿಯುವುದನ್ನು ಬಿಟ್ಟಿತು. ಬೆಳಗಿನಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಮೈ ಕಾದ ಹೆಂಚು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕುಲಾವಿ ಕಿತ್ತು ತಲೆ ಸವರಿದೆ. ನೆತ್ತಿ ಗುಳಿ ಬಿದ್ದಿತ್ತು. ಅಳಲೂ ಅದಕ್ಕೆ ತ್ರಾಣವಿಲ್ಲ.

"ದೃಷ್ಟಿಯಾಗೈತೆ, ಇರು," ಎಂದು ಅತ್ತೆ ಉಪ್ಪು ಮೆಣಸಿನಕಾಯಿ ತರಲು ಅಡಿಗೆಮನೆಗೆ ಎದ್ದಳು.

ಅವಳು ಅತ್ತ ಹೋದದ್ದೇ ನಾನು ಎದ್ದೆ. ಕಿವಿಯ ಹತ್ತಿ ಕಿತ್ತೆಸೆದೆ. ದುಪ್ಪಟಿ ಬಿಚ್ಚಿ, ಮಗುವನ್ನು ಬರಿಮೈಯಲ್ಲಿ ಎದೆಗವುಚಿಕೊಂಡು ಹಿತ್ತಲಿಗೆ ನಡೆದೆ. ಆ ಬೆಂಕಿಯಲ್ಲಿ ತಂಪಾಗಿದ್ದ ಜಾಗ ಒಂದೇ ಒಂದು. ಹೋದರೆ ಅಲ್ಲಿಗೇ ಹೋಗಬೇಕಿತ್ತು.

ಅಮ್ಮ ಹುಳದ ಮನೆ ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ನನ್ನನ್ನು ಕಂಡವಳೇ ಕುಡುಗೋಲು ಬಿಟ್ಟು ಎದ್ದು ಎರಡೂ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೊ. ಪುರುಡು ಕಣೇ! ಒಂದು ಹುಳಾನೂ ಉಳಿಯಲ್ಲ."

"ದಾರಿ ಬಿಡಮ್ಮ. ಇವನಿಗೆ ತಂಪು ಬೇಕು."

"ತಂಪಾ? ನಿಂಗೇನು ತಲೆ ಕೆಟ್ಟೈತಾ? ಮೋಡ ಆಗೈತೆ, ಯಾವ ಗಳಿಗೇಲಿ ಮಳೆ ಬರ್ತದೋ. ನಿಮ್ಮಣ್ಣ... ನಿಮ್ಮಣ್ಣ ನನ್ನ ತೋಳಲ್ಲೇ ಮಂಜಾಗಿಬಿಟ್ಟ ಕಣೇ. ನಿಂಗೇನು ಗೊತ್ತು?"

ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಆ ಮಾತು ಬಂತು. ನನ್ನ ಸಿಟ್ಟೆಲ್ಲ ಇಳಿದು ಅಳು ಬಂದುಬಿಟ್ಟಿತು. ಆದರೂ ಹಿಂದೆ ಸರಿಯಲಿಲ್ಲ.

"ನಂಗೆ ಅದು ಗೊತ್ತಿಲ್ಲಮ್ಮ. ನಿಂಗೆ ಇವನು ಗೊತ್ತಿಲ್ಲ. ಹುಟ್ಟಿದಾಗಿಂದ ಒಂದು ಸಲ ಮುಟ್ಟಿಲ್ಲ ನೀನು. ಮುಟ್ಟಿ ನೋಡು, ಆಮೇಲೆ ದಾರಿ ಬಿಡು, ಬಿಡಬೇಡ, ನಿನ್ನಿಷ್ಟ."

ಅಮ್ಮ ಒಮ್ಮೆ ಹಿಂದೆ ತಿರುಗಿ ಸಾಲಾಗಿ ಜೋಡಿಸಿದ ಹುಳದ ತಟ್ಟೆಗಳನ್ನು ನೋಡಿದಳು. ಹುಳು ಮೇಯುವ ಸದ್ದು ಬಾಗಿಲತನಕ ಕೇಳುತ್ತಿತ್ತು. ಅತ್ತೆ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡೇ ಓಡಿ ಬಂದು, "ಮುಟ್ಬೇಡ ಓಬಳಮ್ಮ, ಹುಳದ ಬೆಳೆ ಹೋಗ್ತದೆ," ಎಂದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅಂಗೈಯನ್ನು ಮಗುವಿನ ನೆತ್ತಿಯ ಮೇಲಿಟ್ಟಳು.

ಕೈ ಅಲ್ಲೇ ನಿಂತಿತು.

"ಅಯ್ಯೋ, ನನ್ನ ಕಂದ," ಎಂದು ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು.

ಮಿಕ್ಕಿದ್ದೆಲ್ಲ ಅವಳೇ ಮಾಡಿದಳು. ಕೆಳಗಿನ ಬಿದಿರು ತಟ್ಟೆಯ ಹುಳುಗಳನ್ನು ಬೇರೆ ತಟ್ಟೆಗೆ ಸುರಿದು, ಒದ್ದೆ ನೆಲದ ಮೇಲೆ ಖಾಲಿ ತಟ್ಟೆಯಿಟ್ಟು, ಬಟ್ಟೆ ಹಾಸಿ ಮಗುವನ್ನು ಮಲಗಿಸಿದಳು. ತೆಳು ಬಟ್ಟೆ ನೆನೆಸಿ ಮೈ ಒರೆಸಿದಳು. ನನಗೆ ಚೊಂಬು ತುಂಬ ನೀರು ಕೊಟ್ಟು, "ನೀನು ಮೊದಲು ಕುಡಿ. ನಿನ್ನ ಮೈಯಲ್ಲೇ ನೀರಿಲ್ಲದೆ ಇದ್ರೆ ಹಾಲು ಎಲ್ಲಿಂದ ಬರ್ಬೇಕು," ಎಂದಳು. ಅತ್ತೆ ಬಾಗಿಲಾಚೆ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ನಾವು ನನ್ನ ಹಾಲಲ್ಲಿ ಹತ್ತಿ ಅದ್ದಿ ಮಗುವಿನ ತುಟಿಗೆ ಹಿಂಡಿದೆವು. ಒಳಗೆ ಹೋಗಲಿಲ್ಲ, ಕಟಬಾಯಲ್ಲಿ ಇಳಿಯಿತು. ಮತ್ತೆ ಹಿಂಡಿದೆವು. ಹೊರಗೆ ಬಿಸಿಲು ಹುಣಸೆಮರ ದಾಟಿ ಗೋಡೆ ಹತ್ತಿದರೂ ಹಾಗೇ ಹಿಂಡುತ್ತಿದ್ದೆವು.

ಹೊತ್ತು ಮುಳುಗುವ ಮುಂಚೆ ಅವನು ಗುಟುಕರಿಸಿದ. ಸ್ವಲ್ಪ ಹೊತ್ತಿಗೆ ಮೊಲೆ ಹಿಡಿದ. ಆಮೇಲೆ ಅಮ್ಮನ ಮಡಿಲಿಗೆ ಉಚ್ಚೆ ಹೊಯ್ದ. ಅಮ್ಮ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಆ ಬೆಳೆಯಲ್ಲಿ ಅರ್ಧ ಹುಳು ಗೂಡು ಕಟ್ಟಿದವು, ಅರ್ಧ ಹೋದವು. ಬಿಸಿಲಿಗೆ ಹೋದವೆಂದು ನಾನು, ಪುರುಡಿಗೆ ಹೋದವೆಂದು ಅತ್ತೆ. ಅವಳು ಸಾಯುವತನಕ ಆ ವಾದ ಮುಗಿಯಲಿಲ್ಲ. ಅಮ್ಮ ಮಾತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ.

ಮಗು ಗುಟುಕರಿಸಿದ ಅಂದೇ ಸಂಜೆ ಅಪ್ಪ ರೇಡಿಯೋ ಕೇಳಿಕೊಂಡು ಹಿತ್ತಲಿಂದಲೇ ಬಂದ. "ಮಳೆ ಗೌರಿಬಿದನೂರು ಕಡೆ ಬಿತ್ತಂತೆ ಕಣೇ. ನಾಳೆಯಿಂದ ಮತ್ತೆ ಒಣಹವೆ ಅಂತೆ..." ಎನ್ನುತ್ತ ಹುಳದ ಮನೆಗೆ ಇಣುಕಿದವನು, ತಟ್ಟೆಗಳ ನಡುವೆ ಕೂತಿದ್ದ ನನ್ನನ್ನೂ ಅಮ್ಮನ ಮಡಿಲಲ್ಲಿದ್ದ ಮಗುವನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಇದೇನೇ ಇದು? ಹುಳು?"

"ಹಸ್ಕೊಂಡಿವೆ," ಎಂದಳು ಅಮ್ಮ, ಮಗುವಿಗೆ ಬೀಸುತ್ತಿದ್ದ ಬೀಸಣಿಗೆ ನಿಲ್ಲಿಸದೆ. "ಕೈಕಾಲು ತೊಳ್ಕೊಂಡು ಬಂದು ಸೊಪ್ಪು ನೀವೇ ಹಾಕಿ. ನಂಗೆ ಕೈ ಬಿಡುವಿಲ್ಲ."